ಹಾಲು ನೆಕ್ಕೋಕೆ ಕಲಿತ ತಕ್ಷಣ ಮರೀನ ಕೊಟ್ಬಿಡ್ಬೇಡಿ

ಬೆಳಗ್ಗೆ ನಮ್ ಏರಿಯಾ ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೊ ಬಂತು, ಶೂ ಬಾಕ್ಸಲ್ಲಿ ಮೂರು ಬೆಕ್ಕಿನ ಮರಿ, ಕೆಳಗೆ "ಒಂದ್ ತಿಂಗ್ಳಾಯ್ತು, ಹಾಲು ಕುಡೀತವೆ, ಯಾರಿಗಾದ್ರೂ ಬೇಕಾ" ಅಂತ. ಕಣ್ಣು ಇನ್ನೂ ನೀಲಿ. ನೋಡಿ ಕರುಳು ಚುರುಕ್ ಅಂತು.

ನಾನೂ ಹಂಗೇ ಮಾಡಿದ್ದೆ. ನಾಲ್ಕು ವರ್ಷದ ಹಿಂದೆ ತ್ಯಾಗರಾಜನಗರದ ನಮ್ಮನೆ ಟೆರೇಸಲ್ಲಿ ಸಿಂಟೆಕ್ಸ್ ಪಕ್ಕ ಹುಟ್ಟಿದ ಮರಿಗಳಲ್ಲಿ ಒಂದನ್ನ ಐದನೇ ವಾರಕ್ಕೇ ಒಳಗೆ ತಂದ್ಕೊಂಡೆ, ತಟ್ಟೇಲಿ ನೆಕ್ತಾ ಇತ್ತಲ್ಲ ಸಾಕು ಅಂತ. ಈಗ್ಲೂ ಅದು ರಾತ್ರಿ ಅಮ್ಮನ ಹಳೇ ಕಾಟನ್ ಸೀರೆ ಅಂಚನ್ನ ಬಾಯಲ್ಲಿಟ್ಕೊಂಡು ಮುಂಗಾಲಲ್ಲಿ ನಾದ್ತಾ ನಾದ್ತಾ ಚೀಪುತ್ತೆ, ಬೆಳಗ್ಗೆ ನೋಡಿದ್ರೆ ಸೀರೆ ಒದ್ದೆ. ಆಟಕ್ಕೆ ಕೈ ಕೊಟ್ರೆ ರಕ್ತ ಬರೋ ಹಾಗೆ ಕಚ್ಚತ್ತೆ. ಅದರ ಜೊತೆ ಹುಟ್ಟಿದ್ದು ಮೂರು ತಿಂಗಳು ತಾಯಿ ಹತ್ರಾನೇ ಇದ್ದು ಹಿಂದಿನ ರೋಡಿನ ಮನೆಗೆ ಹೋಯ್ತು, ಅದು ಹಲ್ಲು ತಾಗಿಸತ್ತೆ, ಒತ್ತಲ್ಲ. ಮರಿಮರಿ ಆಡ್ವಾಗ ಒಂದು ಜೋರಾಗಿ ಕಚ್ಚಿದ್ರೆ ಇನ್ನೊಂದು ಕಿರುಚಿ ಆಟಾನೇ ಬಿಟ್ಟೋಗತ್ತೆ, ತಾಯಿ ಒಂದೇಟು ಹಾಕತ್ತೆ, ಹಂಗೇ ಅವು ಕಲಿಯೋದು. ನಾನು ಅದನ್ನ ಕಲಿಯೋಕೆ ಬಿಡ್ಲಿಲ್ಲ.

ಫಿನ್‌ಲ್ಯಾಂಡಿನ ಹೆಲ್ಸಿಂಕಿ ಯೂನಿವರ್ಸಿಟಿಯವರು 2017ರಲ್ಲಿ ಹತ್ತಿರತ್ತಿರ 6,000 ಬೆಕ್ಕುಗಳ ಮಾಹಿತಿ ಸಾಕಿದವರಿಂದ ಪಡೆದು ನೋಡಿದಾಗ, 8 ವಾರಕ್ಕೆ ಮುಂಚೆ ತಾಯಿ ಬಿಟ್ಟವಕ್ಕೆ ಸಿಟ್ಟು ಜಾಸ್ತಿ ಅಂತ ಕಂಡಿತ್ತು, ಅವರು 14 ವಾರದವರೆಗೂ ಇರಲಿ ಅಂತಾರೆ. ನನ್ ಪ್ರಕಾರ 12 ವಾರ ಆದ್ರೂ ಬೇಕೇ ಬೇಕು. ವ್ಯಾಕ್ಸಿನ್‌ಗೂ ಅದು ಸರಿಹೋಗತ್ತೆ, ಬೆಕ್ಕುಗಳಿಗೆ ಮೂರು ರೋಗ ಬರದ ಹಾಗೆ ಹಾಕೋ ಟ್ರೈಕ್ಯಾಟ್ ಲಸಿಕೆ ಎರಡು ಡೋಸ್ ಆಗಿರತ್ತೆ. ಮನುಷ್ಯರ ಅಭ್ಯಾಸ ತಪ್ಪುತ್ತೆ ಅನ್ನೋ ಭಯ ಬೇಡ, ತಾಯಿ ಪಕ್ಕ ಇರುವಾಗ್ಲೇ ದಿನಾ ಎತ್ಕೊಂಡು ಮುದ್ದು ಮಾಡಿ, ಎರಡರಿಂದ ಏಳು ವಾರದೊಳಗೆ ಮಾಡಿದ್ರೆ ಸಾಕು.

ಇನ್ನೊಂದು, ಬೆಕ್ಕು ಮರಿಗಳನ್ನ ಏಳು ಮನೆ ಸುತ್ತಿಸತ್ತೆ ಅಂತ ಅಜ್ಜಿ ಹೇಳ್ತಿದ್ರು, ನಿಜ ಅದು, ಒಂದೊಂದನ್ನೇ ಕಚ್ಕೊಂಡು ಜಾಗ ಬದಲಾಯಿಸ್ತಾ ಇರತ್ತೆ. ಹಾಗಾಗಿ ಕಾಂಪೌಂಡಲ್ಲಿ ಒಂಟಿ ಮರಿ ಕಂಡ್ರೆ ಅನಾಥ ಅಂತ ಎತ್ಕೊಂಡೋಗ್ಬೇಡಿ, ದೂರ ನಿಂತು ಸ್ವಲ್ಪ ಹೊತ್ತು ಕಾಯಿರಿ, ನಾಯಿ ಕಾಟ ಇದ್ರೆ ಬೇರೆ ಮಾತು. ನಿಜವಾಗ್ಲೂ ತಾಯಿ ಇಲ್ದಿದ್ರೂ ಪ್ಯಾಕೆಟ್ ಹಾಲು ಮಾತ್ರ ಹಾಕ್ಬೇಡಿ, ಲೂಸ್ ಮೋಷನ್ ಆಗಿ ಎರಡೇ ದಿನದಲ್ಲಿ ಸೋತೋಗ್ತವೆ, ಮರಿಗಳಿಗಂತಾನೇ ಹಾಲಿನ ಪುಡಿ ಸಿಗತ್ತೆ.

ಓನರ್ ಬೈತಾರೆ, ಜಾಗ ಇಲ್ಲ, ಗೊತ್ತು ನಂಗೆ. ಗ್ರೂಪಲ್ಲಿ ಅವರಿಗೆ ಬರೆದಿದೀನಿ, ಮೂರನ್ನೂ ತಾಯಿ ಸಮೇತ ನಮ್ ಟೆರೇಸಿಗೆ ತಂದ್ಬಿಡಿ, ಎರಡು ತಿಂಗಳು ನಾನ್ ನೋಡ್ಕೋತೀನಿ, ಮರಿ ಹಾಲು ಬಿಟ್ಟ ಮೇಲೆ ತಾಯಿಗೆ ಆಪರೇಷನ್ನೂ ನಾನೇ ಮಾಡಿಸ್ತೀನಿ ಅಂತ. ಸಂಜೆ ಬರ್ತೀವಿ ಅಂದಿದಾರೆ.