ಆನ್ ರೋಡ್ ಬೆಲೆ, ಆಫ್ ರೋಡ್ ಊರು

ಶಿರಸಿಯ ಒಂದು ಬೈಕ್ ಶೋರೂಮಿಗೆ ಹೋಗಿ, "ಈ ಗಾಡಿಗೆ ಎಷ್ಟಾಗತ್ತೆ?" ಅಂತ ಕೇಳಿದೆ. ಟೈ ಕಟ್ಟಿಕೊಂಡಿದ್ದ ಹುಡುಗ ಕ್ಯಾಲ್ಕುಲೇಟರ್ ಹಿಡಿದು ವಿನಯದಿಂದ ಕೇಳಿದ: "ಎಕ್ಸ್ ಶೋರೂಮ್ ಹೇಳ್ಲಾ ಸರ್, ಆನ್ ರೋಡ್ ಹೇಳ್ಲಾ?"

ನಾನು ಗಾಜಿನ ಬಾಗಿಲಿನಾಚೆ ನೋಡಿದೆ. ಟಾರು ಎದ್ದುಹೋದ ಹೊಂಡಕ್ಕೆ ಯಾರೋ ಪುಣ್ಯಾತ್ಮರು ಮರದ ಟೊಂಗೆ ಸಿಕ್ಕಿಸಿ, ತುದಿಗೆ ಕೆಂಪು ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಟೊಂಗೆಯಲ್ಲಿ ಹೊಸ ಚಿಗುರು ಬೇರೆ ಬಂದಿತ್ತು.

"ಆನ್ ರೋಡೇ ಹೇಳಪ್ಪ" ಅಂದೆ. ಹೇಳಿದ. ಅದರಲ್ಲಿ ಲೈಫ್ ಟ್ಯಾಕ್ಸ್ ಸೇರಿತ್ತು. ಹದಿನೈದು ವರ್ಷದ ರಸ್ತೆ ತೆರಿಗೆಯನ್ನು ಮೊದಲ ದಿನವೇ ಎಣಿಸಿ ಇಡಬೇಕು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕೂಡ ಐದು ವರ್ಷದ್ದು ಒಟ್ಟಿಗೇ. ನಾವು ದುಡ್ಡನ್ನು ಒಂದೇ ಸಲ ಕೊಡುತ್ತೇವೆ, ಅವರು ರಸ್ತೆಯನ್ನು ಕಂತಿನಲ್ಲಿ ಕೊಡುತ್ತಾರೆ. ಒಂದೆರಡು ಕಂತು ತಪ್ಪಿದರೆ ಅವರ ಮನೆಗೆ ರಿಕವರಿಯವರು ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ.

ನನ್ನ ಆಸೆ ದೊಡ್ಡದೇನಲ್ಲ. ಎಂಬತ್ತು, ಹೆಚ್ಚೆಂದರೆ ತೊಂಬತ್ತು ಸಾವಿರದಲ್ಲಿ ಒಂದು ಸಣ್ಣ ಗಾಡಿ. ಘಟ್ಟ ಇಳಿದು, ಕಾರವಾರದಿಂದ ಭಟ್ಕಳದವರೆಗೆ ಕಡಲ ಬದಿಯಲ್ಲಿ ಒಂದು ವಾರ ಸುತ್ತಬೇಕು. ಇದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಸಂಜೆಯೊಳಗೆ ಊರಿಗೆ ಊರೇ ಇಂಜಿನಿಯರ್ ಆಯಿತು.

"ಘಟ್ಟ ಹತ್ತವು ಅಂದ್ರೆ ಕಡಿಮೆ ಅಂದ್ರೂ 350 ಸಿಸಿ ಬೇಕು ಭಾವ" ಅಂದ ನಮ್ಮ ಭಾವ. ಅವನ ಹತ್ತಿರ ಅಂಥದ್ದೊಂದಿದೆ. ದಿನಾ ಬೆಳಿಗ್ಗೆ ಅದರ ಮೇಲೆ ಡೇರಿಗೆ ಹೋಗುತ್ತಾನೆ. ಮನೆಯಿಂದ ಡೇರಿಗೆ ಎಂಟುನೂರು ಮೀಟರ್. ಹಾಲು ನಾಲ್ಕು ಲೀಟರ್, ಬೈಕಿನ ತೂಕ 190 ಕಿಲೋ. ಅವನು ಹೊರಟ ಸದ್ದಿಗೆ ಕೊಟ್ಟಿಗೆಯ ದನ ಇನ್ನೊಂದು ಲೀಟರ್ ಹಾಲನ್ನು ಒಳಗೇ ಇಟ್ಟುಕೊಳ್ಳುತ್ತದೆ ಅಂತ ಅಕ್ಕನ ದೂರು.

ಮೊದಲು ನಮ್ಮಲ್ಲಿ ಗಂಡಿನ ಕಡೆಯವರನ್ನು ಎಷ್ಟು ಎಕರೆ ತೋಟ ಅಂತ ಕೇಳುತ್ತಿದ್ದರು. ಈಗ ಎಷ್ಟು ಸಿಸಿ ಅಂತ ಕೇಳುತ್ತಾರೆ. ಸರ್ಕಾರವೂ ಇದನ್ನು ಒಪ್ಪಿದ ಹಾಗಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿನವಕ್ಕೆ 40 ಆಯಿತು. ಭಾವನದು 349. ಇನ್ನೆರಡು ಸಿಸಿ ಜಾಸ್ತಿ ಇದ್ದಿದ್ದರೆ ಶ್ರೀಮಂತ ಆಗಿಬಿಡುತ್ತಿದ್ದ. ಸದ್ಯ ಬಿಪಿಎಲ್ ಅಂಚಿನಲ್ಲಿ ಉಳಿದುಕೊಂಡಿದ್ದಾನೆ.

ಇಷ್ಟೆಲ್ಲ ಉಪದೇಶ ನಡೆಯುವಾಗ ಗೇಟಿನ ಹೊರಗೆ ಪೋಂ ಪೋಂ ಅಂತ ಹಾರ್ನ್ ಕೇಳಿತು. ಮೀನಿನವ ಬಂದಿದ್ದ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ ಅಂತ ಅವನಿಗೆ ಗೊತ್ತು, ಆದರೆ ತಿರುವಿನಲ್ಲಿ ಹಾರ್ನ್ ಹೊಡೆಯುವುದು ಅಭ್ಯಾಸ. ಅವನ ಗಾಡಿಯನ್ನು ಸರಿಯಾಗಿ ನೋಡಿದ್ದು ಅವತ್ತೇ. 100 ಸಿಸಿ. ಸೀಟಿನ ಅರ್ಧ ಭಾಗಕ್ಕೆ ಹಲಗೆ, ಅದರ ಮೇಲೆ ನೀಲಿ ಪ್ಲಾಸ್ಟಿಕ್ ಡಬ್ಬಿ, ಸುತ್ತ ಹಳೇ ಟ್ಯೂಬ್ ಸೀಳಿ ಮಾಡಿದ ರಬ್ಬರ್ ಪಟ್ಟಿ. ಡಬ್ಬಿಯ ಮೂಲೆಯಿಂದ ಐಸ್ ನೀರು ತೊಟ್ಟಿಕ್ಕಿ ಸೈಲೆನ್ಸರ್ ಮೇಲೆ ಬಿದ್ದು ಚುಸ್ ಅನ್ನುತ್ತಿತ್ತು. ಹ್ಯಾಂಡಲಿಗೆ ತಕ್ಕಡಿ. ಹೆಲ್ಮೆಟ್ಟಿನೊಳಗೆ ಮಳೆಗೆಂದು ಮಡಚಿಟ್ಟ ಪ್ಲಾಸ್ಟಿಕ್ ಹಾಳೆ.

ಬೆಳಗಿನ ಜಾವ ಕುಮಟಾದಲ್ಲಿ ಬಂಗುಡೆ, ತಾರ್ಲೆ ತುಂಬಿಕೊಂಡು ಘಟ್ಟ ಹತ್ತುತ್ತಾನೆ, ಮಧ್ಯಾಹ್ನ ಇಳಿಯುತ್ತಾನೆ. ಹೋಗಿಬರಲು 120 ಕಿಲೋಮೀಟರ್. ತಿಂಗಳಿಗೆ 26 ದಿನ ಹಿಡಿದರೂ ಮೂರು ಸಾವಿರ ದಾಟಿತು. ಬೇರೆಯವರು ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗುವ ದೂರವನ್ನು ಇವನು ಐದು ವಾರಕ್ಕೊಮ್ಮೆ ಮುಗಿಸುತ್ತಾನೆ. ಬಾವುಟ ಹಿಡಿದು ಬೀಳ್ಕೊಡುವವರು ಯಾರೂ ಇಲ್ಲ, ತಡವಾದರೆ ಬೈಯುವವರು ಮಾತ್ರ ಇದ್ದಾರೆ.

"ಘಟ್ಟದಲ್ಲಿ ಗಾಡಿ ಎಳಿತದಾ?" ಅಂತ ಕೇಳಿದೆ.

"ಗಾಡಿ ಎಳಿತದೆ ಸ್ವಾಮಿ. ರಸ್ತೆನೇ ಹಿಂದೆ ಎಳಿತದೆ."

ಶೋರೂಮಿನ ಹುಡುಗನ ಹತ್ತಿರ ನಾನು ಕೇಳಿದ್ದು ನಾಲ್ಕೇ ಪ್ರಶ್ನೆ. ನಾಲ್ಕು ಗಂಟೆ ಕೂತರೆ ಬೆನ್ನು ಏನಾಗತ್ತೆ? ಚಕ್ರ ಎಷ್ಟು ದೊಡ್ಡದು? ಟ್ಯಾಂಕಿಗೆ ಎಷ್ಟು ಹಿಡಿಯತ್ತೆ? ಹಳ್ಳಿಯಲ್ಲಿ ಕೆಟ್ಟರೆ ರಿಪೇರಿ ಆಗತ್ತಾ? ಅವನು ಕೊಟ್ಟಿದ್ದು ಒಂದೇ ಉತ್ತರ: "ಬ್ಲೂಟೂತ್ ಇದೆ ಸರ್. ಫೋನ್ ಬಂದ್ರೆ ಮೀಟರಿನಲ್ಲೇ ಹೆಸರು ತೋರಿಸುತ್ತೆ."

"ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕೇ ಇರೋದಿಲ್ವಲ್ಲ?"

"ಹಾಗಾದ್ರೆ ಡಿಸ್ಟರ್ಬೆನ್ಸೇ ಇಲ್ಲ ಸರ್" ಅಂದ. ಈ ಹುಡುಗ ಮುಂದೆ ಬರುತ್ತಾನೆ.

ಕೊನೆಗೆ ಲೆಕ್ಕವನ್ನು ನಾನೇ ಹಾಕಿಕೊಂಡೆ. ಸ್ಕೂಟರ್ ಅಂದರೆ ಸೀಟಿನ ಕೆಳಗೆ ಡಿಕ್ಕಿ, ಕಾಲಿನ ಹತ್ತಿರ ಒಂದು ಹಲಸಿನಹಣ್ಣು ಇಡುವಷ್ಟು ಜಾಗ. ಎಲ್ಲ ಸುಖ. ಆದರೆ ಆಕ್ಟಿವಾದಂಥ ಸ್ಕೂಟರಿನ ಹಿಂದಿನ ಚಕ್ರ 10 ಇಂಚು. ನಮ್ಮ ಹೊಂಡಗಳು ಅದಕ್ಕಿಂತ ದೊಡ್ಡವು. ಚಕ್ರ ಇಳಿದರೆ ಸ್ಕೂಟರ್ ಅಲ್ಲೇ ಸಂಸಾರ ಹೂಡುತ್ತದೆ. ಟ್ಯಾಂಕು ಐದು ಲೀಟರ್ ಚಿಲ್ಲರೆ. ಗೇರ್ ಇಲ್ಲದ್ದರಿಂದ ಘಟ್ಟ ಇಳಿಯುವಾಗ ಉದ್ದಕ್ಕೂ ಬ್ರೇಕನ್ನೇ ನಂಬಬೇಕು. ಸ್ಪ್ಲೆಂಡರಿನಂಥ 97 ಸಿಸಿ ಬೈಕಿಗೆ 18 ಇಂಚಿನ ಚಕ್ರ, ಹೊಂಡಕ್ಕೆ ಬಿದ್ದರೂ ಎದ್ದು ಬರುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಇಂಜಿನ್ನೇ ಹಿಡಿದುಕೊಳ್ಳುತ್ತದೆ. ಟ್ಯಾಂಕು 9.8 ಲೀಟರ್. ನಿಧಾನಕ್ಕೆ ಹೋದರೆ ಒಂದೇ ಟ್ಯಾಂಕಿನಲ್ಲಿ ಬೆಂಗಳೂರು ಮುಟ್ಟಬಹುದು. ನಿಧಾನಕ್ಕೆ ಹೋಗುವ ವ್ಯವಸ್ಥೆಯನ್ನು ಇಲಾಖೆಯೇ ಮಾಡಿಟ್ಟಿದೆ. ಟಿವಿಎಸ್ ಎಕ್ಸ್‌ಎಲ್ ಕೂಡ ಮನಸ್ಸಿನಲ್ಲಿತ್ತು. ಮೂಟೆ ಹೊರಲು ಅದರಷ್ಟು ನಿಯತ್ತಿನ ಪ್ರಾಣಿ ಇನ್ನೊಂದಿಲ್ಲ. ಆದರೆ ಟ್ಯಾಂಕು ನಾಲ್ಕೇ ಲೀಟರ್.

ವೇಗದ ಮಾತೇ ಬೇಡ. ದೇವಿಮನೆ ಘಟ್ಟದ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ. ನಡುನಡುವೆ ಬಂದ್. ಬಂದ್ ಆದಾಗ ಸಿದ್ದಾಪುರದ ಕಡೆಯಿಂದ ದೊಡ್ಮನೆ ಘಟ್ಟ ಇಳಿಯಬೇಕು. ಇಲ್ಲವೇ ಯಲ್ಲಾಪುರಕ್ಕೆ ಹೋಗಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ ಮುಟ್ಟಿ ಕುಮಟಾಕ್ಕೆ ಬರಬೇಕು. 60 ಕಿಲೋಮೀಟರಿನ ದಾರಿ 150ರ ಹತ್ತಿರ ಹೋಗುತ್ತದೆ. ಲಾಂಗ್ ಟ್ರಿಪ್ಪಿಗೆ ಲಡಾಖಿಗೇ ಹೋಗಬೇಕು ಅಂತಿಲ್ಲ. ನಮ್ಮ ಪಕ್ಕದ ತಾಲೂಕನ್ನೇ ಅಷ್ಟು ದೂರ ಮಾಡಿಕೊಟ್ಟಿದ್ದಾರೆ, ಅದೂ ಉಚಿತವಾಗಿ.

ರಸ್ತೆ ತೆರೆದಿದ್ದಾಗ ಒಂದು ಭಾನುವಾರ ಚಿಕ್ಕಪ್ಪನ ಹಳೇ ಸ್ಪ್ಲೆಂಡರ್ ತೆಗೆದುಕೊಂಡು ದೇವಿಮನೆಗೆ ಹೋಗಿದ್ದೆ, ಸುಮ್ನೆ ಪರೀಕ್ಷೆಗೆ. ಎದುರಿಗೆ ಜೆಸಿಬಿ ಅಡ್ಡ ನಿಂತು ಸಾಲು ಕಟ್ಟಿತ್ತು. ಸಾಲಿನಲ್ಲಿ ಬೆಂಗಳೂರು ನಂಬರಿನ ಭಾರೀ ಬೈಕುಗಳು, ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆ, ಮೊಣಕಾಲಿಗೆ ಕವಚ, ಹೆಲ್ಮೆಟ್ ಮೇಲೆ ಕ್ಯಾಮೆರಾ. ಅವರ ಹಿಂದೆ ನಾನು. ನನ್ನ ಹಿಂದೆ ಸೀರೆ ಗಾರ್ಡಿಗೆ ಬಾಳೆಗೊನೆ ಕಟ್ಟಿಕೊಂಡ ಅಜ್ಜ. ಎಲ್ಲರ ವೇಗವೂ ಒಂದೇ, ಸೊನ್ನೆ. ಇಂಥ ಸಮಾನತೆ ಬೇರೆಲ್ಲೂ ಸಿಗುವುದಿಲ್ಲ.

ಕವಚಧಾರಿಗಳಲ್ಲಿ ಒಬ್ಬ ಗಾಜು ಎತ್ತಿ ನನ್ನನ್ನು ಕೇಳಿದ: "ಅಣ್ಣಾ, ಇಲ್ಲಿ ಎಲ್ಲೋ ಒಳ್ಳೆ ಆಫ್ ರೋಡ್ ಇದೆಯಂತಲ್ಲ, ಎಲ್ಲಿ ಬರುತ್ತೆ?"

"ನೀವು ನಿಂತಿರೋದು ಅದರ ಮೇಲೇ. ನ್ಯಾಷನಲ್ ಹೈವೇ 766ಇ."

ಅವನು ಕೆಳಗೆ ನೋಡಿದ. ಆಮೇಲೆ ಖುಷಿಯಿಂದ ಗೆಳೆಯರನ್ನು ಕರೆದು ಫೋಟೋ ತೆಗೆಸಿಕೊಂಡ. ಅಷ್ಟರಲ್ಲಿ ಪೋಂ ಪೋಂ ಕೇಳಿತು. ಮೀನಿನವ ಜೆಸಿಬಿಗೂ ದರೆಗೂ ನಡುವಿನ ಒಂದೂವರೆ ಅಡಿ ಜಾಗದಲ್ಲಿ, ಎರಡೂ ಕಾಲು ನೆಲಕ್ಕೆ ಊರುತ್ತಾ, ಖಾಲಿ ಡಬ್ಬಿ ಸಮೇತ ದಾಟಿಹೋದ. ಮೂರು ಲಕ್ಷದ ಗಾಡಿಗಳ ಪೆಟ್ಟಿಗೆ ಆ ಜಾಗದಲ್ಲಿ ಹಿಡಿಸಲಿಲ್ಲ.

ಮರುವಾರ ಒಂದು ಸೆಕೆಂಡ್ ಹ್ಯಾಂಡ್ 100 ಸಿಸಿ ಬೈಕ್ ಕೊಂಡೆ. ಭಾವ ಎರಡು ದಿನ ಮಾತಾಡಲಿಲ್ಲ. ಆಯಿಲ್ ಬದಲಿಸಲು ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಚೈನ್ ಎಳೆದು ನೋಡಿದ, ಬ್ರೇಕ್ ಒತ್ತಿ ನೋಡಿದ, ಗಾಡಿ ಚೆನ್ನಾಗಿದೆ ಅಂದ.

"ಎಲ್ಲಿಗೆ, ಲಾಂಗಾ?"

"ಕುಮಟಾಕ್ಕೆ."

ಅವನು ಸ್ಪ್ಯಾನರ್ ಕೆಳಗಿಟ್ಟು ನನ್ನ ಮುಖ ನೋಡಿದ. "ಹಂಗಾದ್ರೆ ಒಂದು ಕ್ಲಚ್ ಕೇಬಲ್ ಜಾಸ್ತಿ ಇಟ್ಕೊಂಡಿರಿ."