ವಜ್ರ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ

ವಜ್ರ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಕ್ಯಾರೆಟ್ ತೂಕ ಎಂದು, ಆಮೇಲೆ ಬಣ್ಣ ಮತ್ತು ಕ್ಲಾರಿಟಿಯ, ಅಂದರೆ ಕಲೆ-ಬಿರುಕುಗಳಿಲ್ಲದ ಸ್ವಚ್ಛತೆಯ ಬಗ್ಗೆ. ಕಲ್ಲನ್ನು ಹೇಗೆ ಕತ್ತರಿಸಿ ಸಾಣೆ ಹಿಡಿದಿದ್ದಾರೆ ಎಂದು ಕೇಳುವವರು ಬಹಳ ಕಡಿಮೆ. ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂದು ಹೆಚ್ಚು ಬಳಕೆಯಲ್ಲಿರುವ ಶ್ರೇಣಿಗಳನ್ನು ರೂಪಿಸಿದ್ದು 1931ರಲ್ಲಿ ಅಮೆರಿಕದಲ್ಲಿ ಆರಂಭವಾದ, ರತ್ನಗಳನ್ನು ಪರೀಕ್ಷಿಸಿ ವರದಿ ಕೊಡುವ ಜಿಐಎ ಸಂಸ್ಥೆ. ಬಣ್ಣವೇ ಇಲ್ಲದ ಕಲ್ಲು ‘ಡಿ’, ಹಳದಿ ಅಥವಾ ಕಂದು ಛಾಯೆ ಹೆಚ್ಚಿದಂತೆ ಅಕ್ಷರ ‘ಝಡ್’ವರೆಗೆ ಇಳಿಯುತ್ತದೆ. ಆದರೆ ಪರೀಕ್ಷಕರು ಕಲ್ಲನ್ನು ಬೋರಲಾಗಿಟ್ಟು, ನಿಗದಿತ ಬೆಳಕಿನಲ್ಲಿ, ಮಾದರಿ ಕಲ್ಲುಗಳ ಪಕ್ಕದಲ್ಲಿ ಹೋಲಿಸಿ ಈ ಅಕ್ಷರವನ್ನು ನಿರ್ಧರಿಸುತ್ತಾರೆ. ಉಂಗುರದಲ್ಲಿ ಕೂರಿಸಿದ ಮೇಲೆ ‘ಎಫ್’ ಯಾವುದು, ‘ಜಿ’ ಯಾವುದು ಎಂದು ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಹಣವನ್ನು ಮಾತ್ರ ಆ ಒಂದು ಅಕ್ಷರಕ್ಕೂ ತೆರಬೇಕು.

ಕ್ಲಾರಿಟಿಯ 11 ಮೆಟ್ಟಿಲುಗಳನ್ನು ನಿರ್ಧರಿಸುವುದು 10 ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಡಿ. ಒಮ್ಮೆ ‘ಎಸ್‌ಐ1’ ಎಂಬ, ಚಿಕ್ಕ ದೋಷಗಳಿರುವ ದರ್ಜೆಯ ಕಲ್ಲೊಂದನ್ನು ಹಾಗೆ ನೋಡಿದಾಗ, ಅಂಚಿನ ಬಳಿ ಗರಿಯಂಥ ಬಿಳಿ ಬಿರುಕೂ ಸೂಜಿಮೊನೆಯಷ್ಟು ಕರಿಚುಕ್ಕೆಯೂ ಸ್ಪಷ್ಟವಾಗಿ ಕಂಡವು. ಮಸೂರ ಕೆಳಗಿಟ್ಟು ಎಷ್ಟು ಹುಡುಕಿದರೂ ಅವು ಮತ್ತೆ ಕಣ್ಣಿಗೆ ಬೀಳಲಿಲ್ಲ. ಅದೇ ದರ್ಜೆಯ ಇನ್ನೊಂದು ಕಲ್ಲಿನಲ್ಲಿ ಚುಕ್ಕೆ ನಟ್ಟನಡುವೆ ಇದ್ದು ಬರಿಗಣ್ಣಿಗೂ ಕಾಣಬಹುದು. ಹಾಗಾಗಿ ದರ್ಜೆಯ ಹೆಸರನ್ನಷ್ಟೇ ಓದಿ ಕಲ್ಲನ್ನು ಒಪ್ಪುವುದು ಅಥವಾ ತಳ್ಳಿಹಾಕುವುದು ಸರಿಯಲ್ಲ.

ಬೆಳಕನ್ನು ಕಣ್ಣಿಗೆ ಮರಳಿಸುವುದು ಕಟ್, ಅಂದರೆ ಕಲ್ಲನ್ನು ಕತ್ತರಿಸಿ ಸಾಣೆ ಹಿಡಿದ ರೀತಿ. ದುಂಡು ವಜ್ರದ 57 ಅಥವಾ 58 ಮುಖಗಳ ಕೋನಗಳು ಸರಿಯಾಗಿದ್ದರೆ ಮೇಲಿನಿಂದ ಒಳಹೊಕ್ಕ ಬೆಳಕು ಒಳಗೇ ಪ್ರತಿಫಲಿಸಿ ಮೇಲಕ್ಕೇ ಬರುತ್ತದೆ. ತಳ ತೀರಾ ಆಳವಾದರೆ ಅಥವಾ ತೀರಾ ಚಪ್ಪಟೆಯಾದರೆ ಅದು ಕೆಳಗಿನಿಂದ ಸೋರಿಹೋಗಿ, ‘ಡಿ’ ಬಣ್ಣದ ನಿರ್ದೋಷ ಕಲ್ಲೂ ಮಂಕಾಗಿ ಕಾಣುತ್ತದೆ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ತೂಕ ಆ ಗೆರೆಯನ್ನು ಮುಟ್ಟಿದೊಡನೆ ಬೆಲೆ ಜಿಗಿಯುವುದರಿಂದ, ಕೆಲವು ಕಲ್ಲುಗಳಲ್ಲಿ ಅಂದ ಕೆಟ್ಟರೂ ಸರಿಯೆಂದು ತಳವನ್ನೂ ನಡುವಿನ ಅಂಚನ್ನೂ ದಪ್ಪವಾಗಿ ಉಳಿಸಿರುತ್ತಾರೆ. ಒಳ್ಳೆಯ ಕಟ್‌ನ ಒಂದು ಕ್ಯಾರೆಟ್ ದುಂಡು ಕಲ್ಲು ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ. ಅದೇ ತೂಕದ ಆಳವಾದ ಕಲ್ಲು ಅದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಅಂಥದ್ದನ್ನು ಕೊಳ್ಳುವವರು ಯಾರೂ ನೋಡದ ತೂಕಕ್ಕೆ ಹಣ ಕೊಡುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಜಿಐಎ ವರದಿಗಳಲ್ಲಿ ದುಂಡು ವಜ್ರಗಳ ಕಟ್‌ಗೆ 2006ರಿಂದ ‘ಎಕ್ಸಲೆಂಟ್’ನಿಂದ ‘ಪೂರ್’ವರೆಗೆ ಐದು ದರ್ಜೆಗಳಿವೆ. ಆ ಸಾಲನ್ನು ಮೊದಲು ಓದಿ, ಬಳಿಕ ಅಗಲದ ಅಳತೆಯನ್ನು ನೋಡಿ. ಪ್ರಖರ ದೀಪಗಳಡಿ ಯಾವ ಕಲ್ಲಾದರೂ ಮಿನುಗುವುದರಿಂದ ಅದನ್ನು ಸಾಧಾರಣ ಹಗಲು ಬೆಳಕಿಗೆ ತಂದು ತಿರುಗಿಸಿ ನೋಡಿ. ಅಂಚಿನ ಮೇಲೆ ಲೇಸರ್‌ನಿಂದ ಕೆತ್ತಿದ ಸಂಖ್ಯೆಯಿದ್ದರೆ, ಅದು ವರದಿಯ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂದು ಮಸೂರ ಕೇಳಿ ಪಡೆದು ನೀವೇ ಓದಿ.