ಗಂಜಿ ಅನ್ನಬೇಡಿ, ಬೌಲ್ ಅನ್ನಿ

ಮಂಗಳೂರಿನ ಬಿಜೈ ಕಡೆಯ ಒಂದು ಹೊಸ ಕೆಫೆಗೆ ಮೊನ್ನೆ ಅಳಿಯ ಕರೆದುಕೊಂಡು ಹೋದ. ಅಂಥ ಕೆಫೆ ನಿಮ್ಮ ರಸ್ತೆಯಲ್ಲೂ ಒಂದು ಇರುತ್ತದೆ, ವಿವರಿಸುವುದು ಬೇಡ. ಮೆನುವಿನಲ್ಲಿ ನೀರುದೋಸೆ ಇಲ್ಲ, ಬನ್ಸ್ ಇಲ್ಲ. ಮೊದಲ ಸಾಲಿನಲ್ಲೇ ‘ವಾರ್ಮ್ ಓಟ್ಸ್ ಬೌಲ್ ವಿತ್ ಫ್ರೂಟ್ಸ್ ಆ್ಯಂಡ್ ನಟ್ಸ್’, 280 ರೂಪಾಯಿ.

“ಇದು ಎಂತದು ಮಾರಾಯ, ಗಂಜಿಯಾ?” ಅಂತ ಏಪ್ರನ್ ಹಾಕಿದ ಹುಡುಗನನ್ನು ಕೇಳಿದೆ.

ಅಳಿಯ ಮೇಜಿನಡಿಯಲ್ಲಿ ನನ್ನ ಕಾಲು ತುಳಿದ. “ಮಾಮ, ಸುಮ್ನಿರಿ. ಗಂಜಿ ಅಂತೆಲ್ಲ ಹೇಳ್ಬೇಡಿ ಇಲ್ಲಿ.”

ಬೌಲ್ ಬಂತು. ಬಾಳೆಹಣ್ಣಿನ ಏಳು ಬಿಲ್ಲೆ, ಇಸ್ಪೀಟು ಎಲೆ ಹರಡಿದ ಹಾಗೆ. ಉದ್ದಕ್ಕೆ ಸೀಳಿದ ಬಾದಾಮಿ ನಾಲ್ಕು ಚೂರು. ನೋಡಲು ಕುಂಟಲ ಹಣ್ಣಿನ ಹಾಗಿರುವ ನೀಲಿ ಹಣ್ಣು ಎರಡು. ಗೇರುಬೀಜ ಇಲ್ಲ! ಗೇರಿಗೆಂದೇ ಪುತ್ತೂರಿನಲ್ಲಿ ದೇಶಮಟ್ಟದ ಸಂಶೋಧನಾ ಸಂಸ್ಥೆ ಇರುವ ಜಿಲ್ಲೆ ಇದು. ಗೇರು ಕೂಡ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದೇ, ಒಪ್ಪಿದೆ. ಆದರೆ ಬಂದು ನಾನೂರು ವರ್ಷ ದಾಟಿತು, ಇನ್ನೂ ಬೌಲಿನವರೆಗೆ ಬರಲಿಲ್ಲ.

ಓಟ್ಸ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದರಲ್ಲಿ ಬೀಟಾ ಗ್ಲುಕಾನ್ ಅಂತ ಒಂದು ನಾರು ಉಂಟು. ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋದರೆ ಹೃದಯಕ್ಕೆ ಒಳ್ಳೆಯದು ಅಂತ ಡಬ್ಬದ ಮೇಲೆ ಬರೆದುಕೊಳ್ಳಲು ಅಮೆರಿಕ 1997ರಲ್ಲೇ ಒಪ್ಪಿಗೆ ಕೊಟ್ಟಿದೆ. ಇನ್ನು ಸ್ಕಾಟ್ಲೆಂಡಿನವರ ಕಥೆ ಕೇಳಿ. ಅಲ್ಲಿ ಕಾರ್‌ಬ್ರಿಜ್ ಎಂಬ ಹಳ್ಳಿಯಲ್ಲಿ ಓಟ್ಸ್ ಗಂಜಿ ಕಾಯಿಸುವ ವಿಶ್ವ ಸ್ಪರ್ಧೆಯೇ ಇದೆ, 1994ರಲ್ಲಿ ಶುರುವಾದದ್ದು. ಪ್ರಶಸ್ತಿಯ ಹೆಸರು ‘ಗೋಲ್ಡನ್ ಸ್ಪರ್ಟಲ್’. ಸ್ಪರ್ಟಲ್ ಅಂದರೆ ಗಂಜಿ ಕದಡುವ ಮರದ ಕೋಲು. ಮುಖ್ಯ ಸ್ಪರ್ಧೆಯಲ್ಲಿ ಓಟ್ಸ್, ನೀರು, ಉಪ್ಪು ಬಿಟ್ಟು ಬೇರೇನೂ ಹಾಕುವ ಹಾಗಿಲ್ಲ. ಬಾದಾಮಿ ಹಾಕಿದಿರೋ, ಮನೆಗೆ ನಡೆಯಿರಿ. ನಮ್ಮ ಅಮ್ಮನನ್ನು ಕಳಿಸಿದ್ದರೆ ಆ ಚಿನ್ನದ ಕೋಲು ಇಷ್ಟೊತ್ತಿಗೆ ನಮ್ಮ ಅಟ್ಟದಲ್ಲಿ ಧೂಳು ತಿನ್ನುತ್ತಿತ್ತು.

ಮರುದಿನ ಮನೆಯಲ್ಲೇ ಮಾಡಿದೆ. ಅರ್ಧ ಲೋಟ ಓಟ್ಸ್, ಒಂದೂವರೆ ಲೋಟ ನೀರು, ಚಿಟಿಕೆ ಉಪ್ಪು, ಸಣ್ಣ ಉರಿಯಲ್ಲಿ ಐದಾರು ನಿಮಿಷ. ಕೈ ಬಿಟ್ಟರೆ ತಳ ಹಿಡಿಯುತ್ತದೆ, ಥೇಟ್ ಗಂಜಿಯದೇ ಬುದ್ಧಿ. ಮೇಲಿಂದ ಕದಳಿ ಬಾಳೆಹಣ್ಣು, ತುಪ್ಪದಲ್ಲಿ ಹುರಿದ ಗೇರುಬೀಜ, ಚೂರು ಬೆಲ್ಲ. ಚೆನ್ನಾಗಿಯೇ ಇತ್ತು. ಅಮ್ಮ ಪಾತ್ರೆಗೆ ಬಗ್ಗಿ ನೋಡಿ, “ಉಳಿದರೆ ಅಕ್ಕಚ್ಚಿಗೆ ಹಾಕು” ಅಂದರು. ದನ ಮಾರಿ ಹತ್ತು ವರ್ಷ ಆಯಿತು. ಅಕ್ಕಚ್ಚಿನ ಬಾಲ್ದಿ ಅವರ ಬಾಯಲ್ಲಿ ಮಾತ್ರ ಉಳಿದಿದೆ.

ಗಂಜಿ ಅನ್ನಲು ನಮಗೇಕೆ ಇಷ್ಟು ನಾಚಿಕೆ? ಫೇಸ್‌ಬುಕ್ಕಿನಲ್ಲಿ ಬೈಯಲಿಕ್ಕೆ ‘ಗಂಜಿ ಗಿರಾಕಿ’ ಬೇಕು. ಸರ್ಕಾರಕ್ಕೂ ಅದೇ ಮುಜುಗರ. ಮೊದಲು ನೆರೆ ಬಂದರೆ ಗಂಜಿ ಕೇಂದ್ರ ತೆರೆಯುತ್ತಿದ್ದರು. ಈಗ ಅದು ಕಾಳಜಿ ಕೇಂದ್ರ. ಎಷ್ಟು ಚಂದದ ಹೆಸರು! ಇಟ್ಟವರಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಕೊಡಬೇಕು. ಮಲಗುವುದು ಅದೇ ಶಾಲೆಯ ನೆಲದಲ್ಲಿ, ಅದೇ ಒದ್ದೆ ಚಾಪೆ. ಜುಲೈ ಬಂದರೆ ತೋಡಿನ ಬದಿಯ ಅದೇ ಮನೆಗಳಿಗೆ ಅದೇ ಕೊಳಕು ನೀರು. ತೋಡಿನ ಹೂಳು ಮೇ ತಿಂಗಳಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿ ವರ್ಷ ಅಕ್ಕಿ ಡಬ್ಬ ಮಂಚದ ಮೇಲೆ ಎತ್ತಿಡುವವರಿಗೆ ಹೆಸರು ಬದಲಿಸಿ ಕೊಟ್ಟರೆ ಏನು ಸಿಕ್ಕಿತು? ಬರೆದೂ ಬರೆದೂ ನನಗೆ ಸಾಕಾಗಿದೆ.

ಹಾಂ, ಬಿಲ್ಲಿನ ವಿಷಯ ಬಿಟ್ಟುಹೋಯಿತು. 5 ಪರ್ಸೆಂಟ್ ಜಿಎಸ್‌ಟಿ ಸೇರಿ 294 ರೂಪಾಯಿ. ಕೊಟ್ಟದ್ದು ನಾನು. ಅಳಿಯ ನಾಲ್ಕು ಫೋಟೋ ತೆಗೆದು, ಅರ್ಧ ಬೌಲ್ ಬಿಟ್ಟು, ಕೆಳಗಿನ ಹೋಟೆಲಿನಲ್ಲಿ ಎರಡು ಪ್ಲೇಟ್ ಗೋಳಿಬಜೆ ತಿಂದ. ಅದರ ಫೋಟೋ ತೆಗೆಯಲಿಲ್ಲ.